ಭಾರ ಹೇರಿ ಪರೀಕ್ಷಿಸುವ ಅಂಗಡಿ: ಶಿರಸಿಯಲ್ಲಿ ದೂರಪ್ರಯಾಣಕ್ಕೆ ಸೈಕಲ್ ಸಿದ್ಧಪಡಿಸುವ ಸೇವೆಯ ವಿಮರ್ಶೆ

ಡಾಂಬರು ರಸ್ತೆಯನ್ನು ಬಿಟ್ಟು ಮಣ್ಣಿನ ದಾರಿ, ಗಾಡಿದಾರಿ, ಕಾಡಂಚಿನ ಕಾಲುದಾರಿಗಳಲ್ಲಿ ಸಾಮಾನು ಹೇರಿಕೊಂಡು ದಿನಗಟ್ಟಲೆ ಸಾಗುವ ಸೈಕಲ್ ಪ್ರವಾಸಕ್ಕೆ ಹೊರಡುವವರು, ನಮ್ಮ ಉತ್ತರ ಕನ್ನಡ ಜಿಲ್ಲೆಯವರೂ ಸೇರಿದಂತೆ, ಸೈಕಲ್ಲಿನ ಸಿದ್ಧತೆಗೆ ದೊಡ್ಡ ನಗರಗಳ ಮಳಿಗೆಗಳನ್ನೇ ನಂಬುತ್ತಾರೆ. ಶಿರಸಿ ಪೇಟೆಯ ಒಂದು ಹಳೆಯ ರಿಪೇರಿ ಅಂಗಡಿಯಲ್ಲಿ ಈ ಕೆಲಸವನ್ನು ಮಾಡಿಸಿಕೊಂಡು, ಅದೇ ಸೈಕಲ್ಲಿನಲ್ಲಿ ಘಟ್ಟದ ಸಾಲಿನ ಗುಂಟ ಸಿದ್ದಾಪುರ, ಸಾಗರ, ಹೊಸನಗರ, ತೀರ್ಥಹಳ್ಳಿ, ಶೃಂಗೇರಿಗಳ ಒಳದಾರಿಗಳನ್ನು ಹಿಡಿದು ಮಡಿಕೇರಿಯವರೆಗೆ ಹೋಗಿ ಬಂದ ಮೇಲೆ, ಈ ಸೇವೆಯ ಗುಣವನ್ನೂ ಕೊರತೆಯನ್ನೂ ವಿವರವಾಗಿ ಬರೆಯುವುದು ಉಪಯುಕ್ತವೆಂದು ನನಗೆ ಅನ್ನಿಸಿತು. ಹೆಸರು ಬರೆಯುವುದು ಬೇಡವೆಂದು ಯಜಮಾನರು ಕೇಳಿಕೊಂಡದ್ದರಿಂದ ಬರೆಯುತ್ತಿಲ್ಲ. ಪೇಟೆಯಲ್ಲಿ ಗೇರ್ ಸೈಕಲ್ ಇಟ್ಟುಕೊಂಡವರನ್ನು ವಿಚಾರಿಸಿದರೆ ಅಂಗಡಿ ಸಿಗುತ್ತದೆ.

ಈ ಅಂಗಡಿಯ ಮುಖ್ಯ ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ಖಾಲಿ ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ, ಗೇರು ಬದಲಾಯಿಸಿ ನೋಡಿ, ಎಣ್ಣೆ ಬಿಟ್ಟು, ಎಲ್ಲ ಸರಿಯಾಗಿದೆ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಪ್ರವಾಸಕ್ಕೆ ಒಯ್ಯುವ ಎಲ್ಲ ಸಾಮಾನನ್ನೂ, ತುಂಬಿದ ನೀರಿನ ಬಾಟಲಿಗಳ ಸಮೇತ, ತರಲು ಹೇಳುತ್ತಾರೆ. "ಸಾಮಾನು ಕಟ್ಕಂಡು ಬನ್ನಿ ಸರ್, ಬರೀ ಸೈಕಲ್ ನೋಡಿ ನಾ ಏನೂ ಹೇಳೂದಿಲ್ಲ" ಎಂಬುದು ಯಜಮಾನರು ಫೋನಿನಲ್ಲಿಯೇ ಸ್ಪಷ್ಟಪಡಿಸಿದ ಷರತ್ತು. ಭಾರವಿಲ್ಲದ ಸೈಕಲ್ಲಿನಲ್ಲಿ ಕಾಣಿಸದ ದೋಷಗಳು ಭಾರ ಬಿದ್ದಾಗ ಮಾತ್ರ ಹೊರಬರುತ್ತವೆ: ಕ್ಯಾರಿಯರ್ ಅಡ್ಡಡ್ಡ ತೂಗಾಡುತ್ತದೆ, ಹಿಂದಿನ ಚಕ್ರದ ಕಡ್ಡಿಗಳು ಸದ್ದು ಮಾಡುತ್ತವೆ, ಚೀಲದ ಮೂಲೆ ಹಿಮ್ಮಡಿಗೆ ತಾಗುತ್ತದೆ, ಇಳಿಜಾರಿನಲ್ಲಿ ಬ್ರೇಕು ಸಾಲದಾಗುತ್ತದೆ. ಇಷ್ಟು ಸರಳವಾದ ವಿಷಯವನ್ನು ಬಹುತೇಕ ಮಳಿಗೆಗಳು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ಯಾವಾಗಲೂ ಆಶ್ಚರ್ಯದ ಸಂಗತಿ.

ತಂದ ಸಾಮಾನನ್ನು ಮೊದಲು ತೂಗುತ್ತಾರೆ. ಅಂಗಡಿಯಲ್ಲಿ ಕೊಕ್ಕೆಯಿರುವ ಒಂದು ತೂಗು ಕಾಟಾ ಇದೆ. ಪ್ರತಿ ಚೀಲವನ್ನೂ ಅದಕ್ಕೆ ನೇತುಹಾಕಿ, ಹಿಂದೆ ಎಷ್ಟು, ಮುಂದೆ ಎಷ್ಟು ಎಂದು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗುರುತು ಹಾಕುತ್ತಾರೆ. ನನ್ನದು ಒಟ್ಟು 17 ಕೆ.ಜಿ. ಇದ್ದು, ಅದರಲ್ಲಿ 13 ಕೆ.ಜಿ. ಹಿಂದಿನ ಕ್ಯಾರಿಯರಿನ ಮೇಲಿತ್ತು. ಡಾಂಬರು ರಸ್ತೆಗೆ ಇದು ಸಾಮಾನ್ಯವಾದ ಹಂಚಿಕೆಯೇ ಆದರೂ, ಕಡಿದಾದ ಮಣ್ಣಿನ ಏರಿನಲ್ಲಿ ಹಿಂದಿನ ಭಾರ ಹೆಚ್ಚಿದಷ್ಟೂ ಮುಂದಿನ ಚಕ್ರ ನೆಲ ಬಿಟ್ಟು ಏಳಲು ನೋಡುತ್ತದೆ, ಹ್ಯಾಂಡಲ್ ಹಿಡಿತಕ್ಕೆ ಬರುವುದಿಲ್ಲ. ಜೊತೆಗೆ ಸವಾರನ ತೂಕದ ಬಹುಪಾಲು ಮೊದಲೇ ಹಿಂದಿನ ಚಕ್ರದ ಮೇಲೆ ಇರುವುದರಿಂದ ಕಡ್ಡಿ ಮುರಿಯುವುದು ಅಲ್ಲಿಯೇ. ಅಡುಗೆ ಸಾಮಾನು, ಉಪಕರಣಗಳು ಮತ್ತು ಒಂದು ನೀರಿನ ಬಾಟಲಿ ಮುಂದಿನ ಫೋರ್ಕಿನ ಬದಿಗೆ ಬಂದು, ಹಂಚಿಕೆ ಹಿಂದೆ 10, ಮುಂದೆ 7 ಎಂದಾಯಿತು. ಭಾರವಾದ ವಸ್ತುಗಳು ಚೀಲದ ತಳದಲ್ಲಿ, ಚಕ್ರದ ಅಚ್ಚಿಗೆ ಸಮೀಪವಾಗಿ ಇರಬೇಕೆಂದು ಅವರೇ ಒಂದೊಂದನ್ನೂ ತೆಗೆದು ಮತ್ತೆ ತುಂಬಿಸಿದರು. ಕ್ಯಾರಿಯರಿನ ಮೇಲೆ 25 ಕೆ.ಜಿ. ಎಂದು ಅಚ್ಚಾಗಿದ್ದರೆ, ಕಲ್ಲುದಾರಿಗೆ ಅದರ ಅರ್ಧವನ್ನಷ್ಟೇ ಲೆಕ್ಕ ಹಿಡಿಯಬೇಕು ಎಂಬುದು ಈ ಅಂಗಡಿಯ ನಿಯಮ.

ಇದಾದ ಮೇಲೆ ನಡೆಯುವ ಒಂದು ಪರೀಕ್ಷೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಸಾಮಾನು ಕಟ್ಟಿದ ಸೈಕಲನ್ನು ಗ್ರಾಹಕರೇ ಒಬ್ಬಂಟಿಯಾಗಿ ಎತ್ತಿ, ಸೊಂಟದೆತ್ತರದ ಒಂದು ಬಿದಿರಿನ ಗಳುವನ್ನು ದಾಟಿಸಬೇಕು. ಉತ್ತರ ಕನ್ನಡದ ಒಳದಾರಿಗಳನ್ನು ಬಲ್ಲವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ. ಇಲ್ಲಿ ಅಡಿಕೆ ತೋಟದ ಬಾಯಿಗೆ ಉಣಗೋಲು, ಅಂದರೆ ಅಡ್ಡಗಳುಗಳ ತಡೆ, ಇರುತ್ತದೆ, ಹಳ್ಳಕ್ಕೆ ಅಡ್ಡಲಾಗಿ ಎರಡು ಮರದ ದಿಮ್ಮಿಯ ಕಾಲುಸಂಕ ಇರುತ್ತದೆ, ಚಿರೇಕಲ್ಲಿನ ಪಾಗಾರಗೋಡೆಗಳ ನಡುವೆ ಒಬ್ಬ ಮನುಷ್ಯ ಹಾದುಹೋಗುವಷ್ಟೇ ಜಾಗ ಇರುತ್ತದೆ. ಇಂಥ ಕಡೆ ಸೈಕಲ್ ಸವಾರನನ್ನು ಹೊರುವುದಿಲ್ಲ, ಸವಾರನೇ ಸೈಕಲನ್ನು ಹೊರಬೇಕು. ಎತ್ತಲಾಗದಿದ್ದರೆ ಸಾಮಾನು ಹೆಚ್ಚಾಗಿದೆ ಎಂದೇ ಅರ್ಥ. ಏನನ್ನು ಬಿಡಬೇಕೆಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಪುಸ್ತಕದ ಸಲಹೆಗಿಂತ ಈ ಒಂದು ಎತ್ತುವಿಕೆ ಹೆಚ್ಚು ಕಲಿಸುತ್ತದೆ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಚಕ್ರದ ಕೆಲಸದಲ್ಲಿ ಈ ಅಂಗಡಿಗೆ ಸಾಟಿಯಿಲ್ಲ, ಅದಕ್ಕೆ ಕಾರಣವೂ ಇದೆ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ರಾಜ್ಯ ಸರಕಾರದ ಯೋಜನೆ 2006-07ರಲ್ಲಿ ಆರಂಭವಾದ ಮೇಲೆ, ಸುತ್ತಲಿನ ಹಳ್ಳಿಗಳ ಆ ಸೈಕಲ್ಲುಗಳೆಲ್ಲ ದುರಸ್ತಿಗೆ ಬರುತ್ತಿದ್ದದ್ದು ಇಂಥ ಅಂಗಡಿಗಳಿಗೆ. ಹಿಂದೆ ಗೆಳತಿಯನ್ನೋ ತಮ್ಮನನ್ನೋ ಕೂರಿಸಿಕೊಂಡು, ಪುಸ್ತಕದ ಚೀಲ ನೇತುಹಾಕಿಕೊಂಡು, ಕೆಮ್ಮಣ್ಣಿನ ಕೊರಕಲು ದಾರಿಯಲ್ಲಿ ದಿನವೂ ಓಡಾಡಿದ ಸೈಕಲ್ಲಿನ ಹಿಂದಿನ ಚಕ್ರ ಏನೆಲ್ಲ ಅನುಭವಿಸುತ್ತದೆ ಎಂಬುದನ್ನು ಯಜಮಾನರು ವರ್ಷಗಟ್ಟಲೆ ನೋಡಿದ್ದಾರೆ. ದೂರಪ್ರಯಾಣದ ಸೈಕಲ್ಲಿನ ಸಮಸ್ಯೆ ಅದೇ ಜಾತಿಯದು. ಆದ್ದರಿಂದ ಗೇರಿನ ಹೊಳಪಿಗಿಂತ ಮೊದಲು ಅವರ ಕೈ ಹೋಗುವುದು ಕಡ್ಡಿಗಳ ಮೇಲೆ.

ನನ್ನ ಸೈಕಲ್ 29 ಇಂಚಿನ ಚಕ್ರದ, ಕಬ್ಬಿಣದ ಫ್ರೇಮಿನ, ಮುಂದೆ ಮೂರು ಹಿಂದೆ ಎಂಟು ಗೇರುಗಳ, ಕೇಬಲಿನ ಡಿಸ್ಕ್ ಬ್ರೇಕ್ ಇರುವ ಸಾಧಾರಣ ಸೈಕಲ್. ಕಾರ್ಖಾನೆಯಲ್ಲಿ ಯಂತ್ರದಿಂದ ಕಟ್ಟಿದ ಚಕ್ರಗಳಲ್ಲಿ ಕಡ್ಡಿಗಳ ಬಿಗಿತ ಎಷ್ಟೋ ಬಾರಿ ಒಂದೇ ಸಮ ಇರುವುದಿಲ್ಲ. ರಿಮ್ಮು ನೇರವಾಗಿ ತಿರುಗುತ್ತಿದ್ದರೂ ಒಂದು ಕಡ್ಡಿ ಅತಿ ಬಿಗಿ, ಪಕ್ಕದ್ದು ಸಡಿಲ ಆಗಿರಬಹುದು. ಸಡಿಲವಾದ ಕಡ್ಡಿ ಪ್ರತಿ ಸುತ್ತಿನಲ್ಲೂ ಸೆಳೆತ ಬಿಟ್ಟು ಹಿಡಿದು ದಣಿಯುತ್ತದೆ, ಕಡೆಗೆ ಚಕ್ರದ ನಡುವಿನ ಹಬ್ಬಿನ (ಗುಂಬದ) ಹತ್ತಿರ ಬಾಗಿದ ಮೂಲೆಯಲ್ಲಿ ತುಂಡಾಗುತ್ತದೆ. ಯಜಮಾನರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನಾದವನ್ನು ಹೋಲಿಸಿ, ಅಪಸ್ವರ ಬಂದ ಕಡೆ ಕಡ್ಡಿಯನ್ನು ಬಿಗಿಮಾಡುವ ನಿಪ್ಪಲ್ ತಿರುಗಿಸಿ, ನಂತರ ಜೋಡಿ ಜೋಡಿಯಾಗಿ ಅಂಗೈಯಲ್ಲಿ ಒತ್ತಿ ಹಿಡಿದು, ಕಡ್ಡಿಯಲ್ಲಿ ಉಳಿದ ತಿರುಚನ್ನು ಬಿಡಿಸಿ, ಮತ್ತೆ ಬೆಂಡು ತೆಗೆದರು. ಗೇರಿನ ಬದಿಯ ಕಡ್ಡಿಗಳು ಎಡಬದಿಯವಕ್ಕಿಂತ ಬಿಗಿಯಾಗಿರಬೇಕಾಗುತ್ತದೆ, ಏಕೆಂದರೆ ಗೇರಿನ ಹಲ್ಲುಚಕ್ರಗಳಿಗೆ ಜಾಗ ಬಿಟ್ಟುಕೊಟ್ಟು ಅವು ಹೆಚ್ಚು ನೆಟ್ಟಗೆ ನಿಂತಿರುತ್ತವೆ; ಹಾಗಾಗಿ ನಾದವನ್ನು ಆಯಾ ಬದಿಯಲ್ಲಿಯೇ ಹೋಲಿಸಬೇಕು, ಎರಡು ಬದಿಗಳನ್ನು ಒಂದಕ್ಕೊಂದು ಹೋಲಿಸಬಾರದು ಎಂದು ಕೆಲಸ ಮಾಡುತ್ತಲೇ ತಿಳಿಸಿದರು. ಇದಿಷ್ಟು ಆದ ಮೇಲೆ ಸಾಮಾನು ಹೇರಿ ಊರ ಹೊರಗಿನ ಗಾಡಿದಾರಿಯಲ್ಲಿ ಓಡಿಸಿಕೊಂಡು ಬರಲು ಕಳಿಸಿ, ಬಂದ ಮೇಲೆ ಮತ್ತೊಮ್ಮೆ ಬಿಗಿತ ನೋಡಿದರು. ಚಕ್ರ ಕುಳಿತುಕೊಳ್ಳಲು ಸ್ವಲ್ಪ ದೂರ ಓಡಲೇಬೇಕು ಎಂಬುದನ್ನು ಲೆಕ್ಕಕ್ಕೆ ಹಿಡಿದು ಕೆಲಸವನ್ನು ಎರಡು ಹಂತದಲ್ಲಿ ಮಾಡುವ ಈ ತಾಳ್ಮೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಬದಲಿ ಕಡ್ಡಿಗಳ ವಿಷಯದಲ್ಲಿಯೂ ಅಷ್ಟೇ ಎಚ್ಚರ. ಹಿಂದಿನ ಚಕ್ರದ ಎಡ-ಬಲ ಕಡ್ಡಿಗಳ ಉದ್ದದಲ್ಲಿ ಒಂದೆರಡು ಮಿಲಿಮೀಟರಿನ ವ್ಯತ್ಯಾಸ ಇರುವುದರಿಂದ, ಎರಡೂ ಅಳತೆಯವನ್ನು ಕೊಟ್ಟು, ತುದಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿ, ಫ್ರೇಮಿನ ಕೆಳದಂಡಕ್ಕೆ ಕಟ್ಟಿದರು. ಗೇರಿನ ಬದಿಯ ಕಡ್ಡಿ ಮುರಿದರೆ ಹಲ್ಲುಚಕ್ರಗಳ ಗುಚ್ಛವನ್ನು ಬಿಚ್ಚದೆ ಹೊಸದನ್ನು ಹಾಕಲಾಗುವುದಿಲ್ಲ. ಅದನ್ನು ಬಿಚ್ಚುವ ಸಣ್ಣ ಉಪಕರಣವನ್ನು ಜೊತೆಗೆ ಒಯ್ಯಬೇಕು. ಅದನ್ನು ತಿರುಗಿಸಲು ಬೇಕಾದ ದೊಡ್ಡ ಪಾನಾ ಯಾವುದೇ ಹಳ್ಳಿಯ ಬೈಕ್ ಗ್ಯಾರೇಜಿನಲ್ಲಿ ಸಿಗುತ್ತದೆ. ಹೊರುವ ತೂಕವನ್ನು ಹೀಗೆ ಊರಿನ ಅನುಕೂಲದೊಂದಿಗೆ ಹೊಂದಿಸುವ ಯೋಚನೆ ಅವರ ಎಲ್ಲ ಸಲಹೆಗಳಲ್ಲಿಯೂ ಕಾಣುತ್ತದೆ. ವಾಲ್ವಿನ ವಿಷಯದಲ್ಲಿಯೂ ಅದೇ ತರ್ಕ: ಬೈಕು-ಕಾರುಗಳಿಗೆ ಇರುವಂಥ ದಪ್ಪ ವಾಲ್ವಿನ ಟ್ಯೂಬಿಗೆ ಪೆಟ್ರೋಲ್ ಬಂಕಿನಲ್ಲಿ, ಪಂಚರ್ ಅಂಗಡಿಯಲ್ಲಿ ಗಾಳಿ ಹಾಕಿಸಬಹುದು, ತೆಳ್ಳಗಿನ ಪ್ರೆಸ್ಟಾ ವಾಲ್ವಿನವರು ಹಿತ್ತಾಳೆಯ ಅಡಾಪ್ಟರ್ ಒಂದನ್ನು ಕಳೆಯದಂತೆ ಇಟ್ಟುಕೊಳ್ಳಬೇಕು. ಬಂಕಿನ ಯಂತ್ರ ಸೈಕಲ್ ಟ್ಯೂಬಿಗೆ ಕ್ಷಣದಲ್ಲಿ ಮಿತಿಮೀರಿ ತುಂಬಿಬಿಡಬಹುದಾದ್ದರಿಂದ, ಅಲ್ಲಿ ಸ್ವಲ್ಪ ಹಾಕಿಸಿ ಉಳಿದದ್ದನ್ನು ಮೀಟರ್ ಇರುವ ಕೈಪಂಪಿನಿಂದ ಸರಿಪಡಿಸಿಕೊಳ್ಳುವುದು ಕ್ಷೇಮ. ನನ್ನ 2.1 ಇಂಚು ಅಗಲದ ಟಯರುಗಳಿಗೆ, ಆ ಭಾರಕ್ಕೆ, ಗಾಳಿಯ ಒತ್ತಡ ಮುಂದೆ 30 ಹಿಂದೆ 38 ಪಿ.ಎಸ್.ಐ. ಎಂದು ನಿಗದಿಯಾಯಿತು, ಜಲ್ಲಿ ದಾರಿಯಲ್ಲಿ ಈ ಅಂಕಿ ಸರಿಯಾಗಿಯೇ ಇತ್ತು.

ಟಯರಿನ ಬಗ್ಗೆ ಮಾತ್ರ ನನಗೂ ಯಜಮಾನರಿಗೂ ಒಮ್ಮತವಿಲ್ಲ. ಟ್ಯೂಬ್‌ಲೆಸ್ ವ್ಯವಸ್ಥೆಯನ್ನು ಅವರು ಮಾಡಿಕೊಡುವುದಿಲ್ಲ. ಒಳಗೆ ಹಾಕುವ ಅಂಟುದ್ರವ ನಮ್ಮ ಸೆಕೆಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ, ಟಯರು ರಿಮ್ಮಿನಿಂದ ಕಳಚಿದರೆ ಕೈಪಂಪಿನಿಂದ ಮತ್ತೆ ಕೂರಿಸುವುದು ಕಷ್ಟ, ಹಳ್ಳಿಯಲ್ಲಿ ಟ್ಯೂಬಿಗೆ ತೇಪೆ ಹಾಕುವವರು ಸಿಗುತ್ತಾರೆ ಎಂಬುದು ಅವರ ವಾದ. ಮೂರೂ ನಿಜವಾದ ಮಾತುಗಳೇ. ಆದರೆ ಮಲೆನಾಡಿನ ಕಾಡುದಾರಿಯಲ್ಲಿ ನಿತ್ಯದ ಕಾಟ ಮೊಳೆಯದಲ್ಲ, ಮುಳ್ಳಿನದು. ಬಿದಿರಿನ ಮೆಳೆಯ ಪಕ್ಕದ ದಾರಿಯಲ್ಲಿ ಸಣ್ಣ ಮುಳ್ಳುಗಳು ಟಯರಿನ ತುಂಬ ಚುಚ್ಚಿಕೊಳ್ಳುತ್ತವೆ, ಅಂಥ ಸೂಕ್ಷ್ಮ ತೂತುಗಳನ್ನು ಅಂಟುದ್ರವ ತಾನಾಗಿಯೇ ಮುಚ್ಚುತ್ತದೆ. ಪ್ರವಾಸದಲ್ಲಿ ನಾನು ತೇಪೆ ಹಾಕಲು ಕೂತ ಹೊತ್ತನ್ನು ನೆನೆದರೆ, ಟ್ಯೂಬ್‌ಲೆಸ್ ಟಯರಿನ ಜೊತೆಗೆ ಆಪತ್ತಿಗೊಂದು ಟ್ಯೂಬನ್ನು ಇಟ್ಟುಕೊಳ್ಳುವುದೇ ಮೇಲು ಎಂದು ನನ್ನ ನಿಲುವು. ಗ್ರಾಹಕರು ಬಯಸಿದರೆ ಮಾಡಿಕೊಡುವಷ್ಟಾದರೂ ಅಂಗಡಿ ಇಲ್ಲಿ ಬದಲಾಗಬೇಕು.

ಗೇರಿನ ಕೆಲಸ ಚಿಕ್ಕದಾದರೂ ಪರಿಣಾಮ ದೊಡ್ಡದು. ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 32 ಹಲ್ಲಿನದಿದ್ದದ್ದನ್ನು 34ಕ್ಕೆ ಬದಲಾಯಿಸಿದರು. ಮುಂದಿನ ಅತಿ ಚಿಕ್ಕದು 22 ಹಲ್ಲಿನದು. ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಮುಂದೆ ಸಾಗುವ ದೂರ ಇದರಿಂದ ಸುಮಾರು 1.57 ಮೀಟರಿನಿಂದ 1.48 ಮೀಟರಿಗೆ ಇಳಿಯಿತು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5.3 ಕಿ.ಮೀ. ವೇಗ, ಅಂದರೆ ನಡಿಗೆಗಿಂತ ತುಸು ಹೆಚ್ಚು. ಅದಕ್ಕಿಂತ ನಿಧಾನವಾದರೆ ಮಣ್ಣಿನ ಏರಿನಲ್ಲಿ ಸಮತೋಲ ಉಳಿಯುವುದಿಲ್ಲ, ಇಳಿದು ತಳ್ಳುವುದೇ ವಾಸಿ. ಶಿರಸಿ ತಾಲೂಕಿನ ಮತ್ತಿಘಟ್ಟದಿಂದ ವಡ್ಡಿ ಘಟ್ಟದ ಕಡೆ ಇಳಿದು ಅಚವೆಯ ದಿಕ್ಕಿಗೆ ಹೋಗುವ ದಾರಿಯಂಥ ಕಡಿದಾದ ಕಡೆಗಳಲ್ಲಿ ವಾಪಸು ಹತ್ತುವಾಗ ಈ ಎರಡು ಹಲ್ಲುಗಳ ಬೆಲೆ ಮೊಣಕಾಲಿಗೆ ತಿಳಿಯುತ್ತದೆ. ಚೈನಿನ ಸವೆತವನ್ನು ಅವರು ಉಕ್ಕಿನ ಅಳತೆಪಟ್ಟಿಯಿಂದಲೇ ನೋಡುತ್ತಾರೆ: ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚು ಇರುತ್ತವೆ, ಅದು ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಬೇಕು, ಎಂಟನೆಯ ಒಂದು ಭಾಗವಾದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಕೆಮ್ಮಣ್ಣಿನ ಧೂಳು ಎಣ್ಣೆಯೊಡನೆ ಸೇರಿದರೆ ಚೈನನ್ನು ಒಳಗಿನಿಂದ ತೇಯುವ ಲೇಪವಾಗುತ್ತದೆ. ಹಾಗಾಗಿ ಎಣ್ಣೆ ಬಿಟ್ಟ ಮೇಲೆ ಹೊರಮೈಯನ್ನು ಬಟ್ಟೆಯಿಂದ ಪೂರ್ತಿ ಒರೆಸಲೇಬೇಕು ಎಂದು ಒತ್ತಿ ಹೇಳುತ್ತಾರೆ.

ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಅಲ್ಯುಮಿನಿಯಮ್ಮಿನ ಹ್ಯಾಂಗರ್ ಬಗ್ಗೆ ಅವರು ವಹಿಸುವ ಕಾಳಜಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಬಿದ್ದಾಗ ಫ್ರೇಮು ಮತ್ತು ಗೇರು ಉಳಿದು ತಾನು ಬಾಗಲಿ ಎಂದೇ ಮೆದುವಾಗಿ ಮಾಡಿದ ಭಾಗ ಅದು. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಆದ್ದರಿಂದ ದಾರಿಯ ಊರುಗಳಲ್ಲಿ ಸಿಗುವ ಸಾಧ್ಯತೆ ಇಲ್ಲವೆಂದೇ ತಿಳಿಯಬೇಕು. ಬದಲಿ ಹ್ಯಾಂಗರ್ ತರಲು ಹೇಳುವ ಅಂಗಡಿಗಳು ಹಲವು. ಈ ಅಂಗಡಿಯಲ್ಲಿ ಆ ಬದಲಿಯನ್ನು ಒಮ್ಮೆ ಫ್ರೇಮಿಗೆ ಹಾಕಿ, ನೇರ ಮಾಡಿ, ಗೇರುಗಳನ್ನು ಅದರ ಮೇಲೆ ಹೊಂದಿಸಿ ನೋಡಿ, ಅನಂತರ ಬಿಚ್ಚಿ ಕೊಡುತ್ತಾರೆ. ಹೊಸನಗರದ ಆಚೆ ಒಂದು ಕೋಲು ಹಿಂದಿನ ಗೇರಿಗೆ ಸಿಕ್ಕಿ ಹ್ಯಾಂಗರ್ ಬಾಗಿದಾಗ, ಬದಲಿಯನ್ನು ಹಾಕಿದ ಕೂಡಲೇ ಎಂಟೂ ಗೇರುಗಳು ತಕರಾರಿಲ್ಲದೆ ಕೆಲಸ ಮಾಡಿದವು. ಇಡೀ ಸೇವೆಗೆ ಕೊಟ್ಟ ಹಣ ಆ ಒಂದು ಮಧ್ಯಾಹ್ನಕ್ಕೇ ಸಂದಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಬ್ರೇಕಿನಲ್ಲಿ ಅವರು ಕೇಬಲಿನ ಪಕ್ಷಪಾತಿ. ಕೇಬಲು ಯಾವುದೇ ಸೈಕಲ್ ಅಂಗಡಿಯಲ್ಲಿ ದೊರೆಯುತ್ತದೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿನಲ್ಲಿ ಗಾಳಿ ಸೇರಿದರೆ ಅದನ್ನು ಹೊರತೆಗೆಯುವ ಸಲಕರಣೆ ಸಣ್ಣ ಊರುಗಳಲ್ಲಿ ಇರುವುದಿಲ್ಲ. ಶಿಮಾನೋ ಕಂಪನಿಯ ಬ್ರೇಕಿಗೆ ಖನಿಜ ತೈಲ ಬೇಕು; ಬೈಕಿನ ಬ್ರೇಕ್ ಆಯಿಲನ್ನು ಸಿಕ್ಕಿತೆಂದು ಹಾಕಿದರೆ ಒಳಗಿನ ರಬ್ಬರಿನ ಬಿರಡೆಗಳು ಹಾಳಾಗುತ್ತವೆ ಎಂಬ ಎಚ್ಚರಿಕೆಯನ್ನು ಹೈಡ್ರಾಲಿಕ್ ಇರುವವರಿಗೆ ತಪ್ಪದೆ ಕೊಡುತ್ತಾರೆ. ಪ್ಯಾಡುಗಳಲ್ಲಿ ರಾಳದವು ಮೆತ್ತಗೆ ಹಿಡಿಯುತ್ತವೆ, ಸದ್ದಿಲ್ಲ, ಆದರೆ ಕೆಸರಿನಲ್ಲಿ ಬೇಗ ಸವೆಯುತ್ತವೆ. ಲೋಹದವು ದೀರ್ಘ ಇಳಿತದ ಬಿಸಿಯನ್ನೂ ಮಣ್ಣನ್ನೂ ತಾಳುತ್ತವೆ. ನಮ್ಮ ಕಡೆ ಸಮುದ್ರಮಟ್ಟಕ್ಕೂ ಶಿರಸಿಗೂ ಐನೂರು ಮೀಟರಿಗಿಂತ ಹೆಚ್ಚಿನ ಅಂತರವಿದ್ದು, ದೇವಿಮನೆ, ಅರಬೈಲು, ದೊಡ್ಮನೆ ಘಟ್ಟಗಳಲ್ಲಿ ಆ ಇಳಿತವನ್ನು ಭಾರ ಹೊತ್ತ ಸೈಕಲ್ ಒಂದೇ ಓಟದಲ್ಲಿ ಇಳಿಯುವುದರಿಂದ, ಲೋಹದ ಪ್ಯಾಡನ್ನೇ ಹಾಕಿಸಿದ್ದು ಸರಿಯಾದ ಆಯ್ಕೆ. ಪ್ಯಾಡಿನ ಉಳಿದ ದಪ್ಪ ಅರ್ಧ ಮಿಲಿಮೀಟರಿಗೆ ಬಂದರೆ ಮುಂದೆ ಹೋಗಬಾರದು.

ಕಾರವಾರದ ನನ್ನಂಥವರಿಗೆ ಇಲ್ಲಿ ದೊರೆಯುವ ಇನ್ನೊಂದು ಉಪಕಾರ ನಟ್ಟು-ಬೋಲ್ಟುಗಳದು. ಕಡಲಗಾಳಿಯ ಉಪ್ಪಿಗೆ ಕಬ್ಬಿಣದ ಬೋಲ್ಟುಗಳು ಕ್ಯಾರಿಯರಿನ ಕಣ್ಣುಗಳಲ್ಲಿಯೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ, ಪ್ರವಾಸದ ನಡುವೆ ಬಿಚ್ಚಲು ಹೋದರೆ ತಲೆ ಮುರಿಯುತ್ತದೆ. ಎಲ್ಲ ಐದು ಮಿಲಿಮೀಟರಿನ ಬೋಲ್ಟುಗಳನ್ನೂ ತೆಗೆದು, ಅವು ಕೂರುವ ತಿರುಪಿನ ಗೆರೆಗಳನ್ನು ಶುಚಿಮಾಡಿ, ಸ್ಟೇನ್‌ಲೆಸ್ ಬೋಲ್ಟು ಹಾಕಿ, ಕ್ಯಾರಿಯರಿನದ್ದಕ್ಕೆ ಅಲುಗಾಟಕ್ಕೆ ಬಿಚ್ಚಿಕೊಳ್ಳದಂಥ ದ್ರಾವಣ ಸವರಿ, ಪೆಡಲ್ ಮತ್ತು ಸೀಟಿನ ಕಂಬಕ್ಕೆ ಗ್ರೀಸು ಹಚ್ಚಿದರು. ಅದೇ ಅಳತೆಯ ಕೆಲವು ಬೋಲ್ಟುಗಳನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ಕಲ್ಲುದಾರಿಯುದ್ದಕ್ಕೂ ಒಂದು ಬೋಲ್ಟೂ ಸಡಿಲಾಗಲಿಲ್ಲ.

ಕೊನೆಯ ಹಂತವೇ ನನಗೆ ಅತ್ಯಂತ ಮೆಚ್ಚಿಗೆಯಾದದ್ದು. ಸೈಕಲ್ ಒಪ್ಪಿಸುವ ಮುನ್ನ ಗ್ರಾಹಕರನ್ನು ಅಂಗಡಿಯ ಮುಂದಿನ ಜಗಲಿಯಲ್ಲಿ ಕೂರಿಸಿ, ಅವರು ಒಯ್ಯುವ ಉಪಕರಣಗಳಿಂದಲೇ, ಪಂಚರ್ ತೆಗೆಯುವುದು, ಚೈನು ಕತ್ತರಿಸಿ ಕೊಂಡಿಯಿಂದ ಜೋಡಿಸುವುದು, ಗೇರಿನ ಕೇಬಲ್ ಬದಲಿಸುವುದು, ಪ್ಯಾಡು ಹಾಕುವುದು, ಕಡ್ಡಿ ಕೂರಿಸುವುದು, ಇವನ್ನೆಲ್ಲ ಮಾಡಿಸುತ್ತಾರೆ. ಯಜಮಾನರು ಪಕ್ಕದಲ್ಲಿ ಕೂತು ಮಾತಿನಲ್ಲಿ ತಿದ್ದುತ್ತಾರೆಯೇ ಹೊರತು ಕೈ ಹಾಕುವುದಿಲ್ಲ. ಎಡಬದಿಯ ಪೆಡಲಿನ ತಿರುಪು ಉಲ್ಟಾ ಎಂಬುದರಿಂದ ಹಿಡಿದು, ಟಯರಿನ ಒಳಗೆ ಬೆರಳಾಡಿಸಿ ಮುಳ್ಳಿನ ತುದಿ ಹುಡುಕದೆ ಹೊಸ ಟ್ಯೂಬು ಹಾಕಬಾರದು ಎಂಬುದರವರೆಗೆ ಎಲ್ಲವೂ ಹೀಗೆ ಕೈಗೆ ಬರುತ್ತದೆ. ಒಯ್ಯುವ ಉಪಕರಣದಲ್ಲಿ ಏನು ಕಡಿಮೆ ಇದೆ ಎಂಬುದೂ ಜಗಲಿಯಲ್ಲಿಯೇ ಗೊತ್ತಾಗುತ್ತದೆ. ಅಲೆನ್ ಕೀಲಿಗಳ ಗೊಂಚಲಿನಲ್ಲಿ ಬೇಕಾದ ಅಳತೆಯೇ ಇಲ್ಲವೆಂದು ಕಾಡಿನ ನಡುವೆ ತಿಳಿಯುವುದಕ್ಕಿಂತ ಪೇಟೆಯಲ್ಲಿ ತಿಳಿಯುವುದು ಎಷ್ಟೋ ವಾಸಿ. ಹೊಸಬರು ಬೇರೆ ಯಾವುದಕ್ಕಲ್ಲದಿದ್ದರೂ ಈ ಪಾಠಕ್ಕಾಗಿ ಇಲ್ಲಿಗೆ ಬರಬೇಕು.

ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದಾಗಿ, ಮಾಡಿದ ಕೆಲಸದ ಲಿಖಿತ ದಾಖಲೆ ಕೊಡುವುದಿಲ್ಲ. ಕಡ್ಡಿಯ ಅಳತೆ, ಟಯರಿನ ಒತ್ತಡ, ಚೈನಿನ ಕೊಂಡಿಗಳ ಸಂಖ್ಯೆ, ಹ್ಯಾಂಗರಿನ ಮಾದರಿ ಇವು ಒಂದು ಚೀಟಿಯಲ್ಲಿ ಇದ್ದರೆ ದೂರದ ಊರಿನ ಮೆಕ್ಯಾನಿಕ್ಕಿಗೆ ಫೋನಿನಲ್ಲಿ ತಿಳಿಸಲು ಅನುಕೂಲ. ಗೋಡೆಯ ಮೇಲಿನ ಸೀಮೆಸುಣ್ಣದ ಲೆಕ್ಕ ಸಂಜೆಗೆ ಅಳಿಸಿಹೋಗುತ್ತದೆ. ಎರಡನೆಯದು ಇದಕ್ಕಿಂತ ಗಂಭೀರ: ಸವಾರನ ಮೈಯ ಅಳತೆಗೆ ಸೈಕಲನ್ನು ಹೊಂದಿಸುವ ಕೆಲಸ ಇಲ್ಲಿ ನಡೆಯುವುದಿಲ್ಲ. ಸೀಟು ಎತ್ತರವಾಗಿದೆಯೋ ತಗ್ಗಾಗಿದೆಯೋ ಎಂದು ಕಣ್ಣಳತೆಯಲ್ಲಿ ಹೇಳಿ ಬಿಡುತ್ತಾರೆ. ದಿನಕ್ಕೆ ಆರೇಳು ಗಂಟೆ ತುಳಿಯುವವರಿಗೆ ಸೀಟಿನ ಎತ್ತರದಲ್ಲಿ ಒಂದು ಸೆಂಟಿಮೀಟರಿನ ತಪ್ಪೂ ಮಂಡಿನೋವಾಗಿ ಬರುತ್ತದೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕಾಲು ನೇರವಾಗುವಷ್ಟು ಎತ್ತರ ಇಟ್ಟುಕೊಂಡು, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಬದಲಾಯಿಸಿ ನೋಡುವ ಹಳೆಯ ಕ್ರಮವನ್ನು ಗ್ರಾಹಕರು ಮೊದಲೇ ಮಾಡಿಕೊಂಡು, ಸೀಟಿನ ಕಂಬಕ್ಕೆ ಗುರುತು ಹಾಕಿಕೊಂಡು ಬರುವುದು ಒಳ್ಳೆಯದು.

ಬಿಡಿಭಾಗಗಳ ದಾಸ್ತಾನು ಎಂಟು-ಒಂಬತ್ತು ಗೇರಿನವರಿಗೆ ಸಾಕಷ್ಟಿದೆ. ಹನ್ನೆರಡು ಗೇರಿನ ಹೊಸ ಸೈಕಲ್ಲಿನವರು ಚೈನು, ಕೊಂಡಿ, ಹ್ಯಾಂಗರ್ ಎಲ್ಲವನ್ನೂ ತಾವೇ ತರಿಸಿಕೊಂಡು ಬರಬೇಕು. ನೀರು ಒಳಗೆ ಬಾರದ ಚೀಲಗಳು, ದೀಪಗಳು ಇಲ್ಲಿ ಮಾರಾಟಕ್ಕಿಲ್ಲ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿಯೂ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆ ನಡೆಯುವ ದಿನಗಳಲ್ಲಿಯೂ ಈ ಕೆಲಸಕ್ಕೆ ಅವರಿಗೆ ಬಿಡುವಿರುವುದಿಲ್ಲ.

ಮಳೆಗಾಲದಲ್ಲಿ ಘಟ್ಟದ ಮಣ್ಣುದಾರಿಗೆ ಹೊರಡುತ್ತೇನೆ ಎನ್ನುವವರ ಕೆಲಸವನ್ನು ಯಜಮಾನರು ಒಪ್ಪಿಕೊಳ್ಳುವುದೇ ಇಲ್ಲ. ಕೆಲವರಿಗೆ ಇದು ಅತಿಯೆನಿಸಬಹುದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಕಂಡ ಜಿಲ್ಲೆಯಲ್ಲಿ, ಈ ನಿಲುವು ನನಗೆ ಪೂರ್ತಿ ಸರಿಯೆಂದು ತೋರುತ್ತದೆ. ಉಂಬಳ (ಜಿಗಣೆ), ಕೆಸರು, ತುಂಬಿ ಹರಿಯುವ ಹಳ್ಳ ಇವೆಲ್ಲ ಆ ನಂತರದ ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ನೆಲ ಗಟ್ಟಿ, ಹಳ್ಳಗಳಲ್ಲಿ ಇನ್ನೂ ನೀರು, ಬಿಸಿಲು ಹಿತ. ಹೊರಡಲು ಅದೇ ಕಾಲ. ಜೊಯಿಡಾ, ಅಣಶಿ ಕಡೆಯ ಹಾದಿ ಹಿಡಿಯುವವರು ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ದಾರಿಗಳ ಬಗ್ಗೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಕೇಳಬೇಕೆಂದು ಅಂಗಡಿಯಲ್ಲಿ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಅಲ್ಲಿ ಕಾಡ ನಡುವೆ ಗುಡಾರ ಹಾಕುವ ಯೋಚನೆಯನ್ನು ಬಿಟ್ಟುಬಿಡಬೇಕು.

ಪೂರ್ಣ ಸಿದ್ಧತೆಗೆ ಕೂಲಿ ಎಂದು 1,800 ರೂಪಾಯಿ ತೆಗೆದುಕೊಂಡರು. ಹಲ್ಲುಚಕ್ರ, ಚೈನು, ಪ್ಯಾಡು, ಬೋಲ್ಟುಗಳ ಬೆಲೆ ಬೇರೆ, ಅದಕ್ಕೆ ಪೆಟ್ಟಿಗೆಯ ಮೇಲೆ ಅಚ್ಚಾದ ದರಕ್ಕಿಂತ ಹೆಚ್ಚು ಕೇಳಲಿಲ್ಲ. ಭಾರದ ಪರೀಕ್ಷೆ, ಎರಡನೆಯ ಬಾರಿಯ ಬಿಗಿತ, ಜಗಲಿಯ ಪಾಠ ಎಲ್ಲ ಸೇರಿ ಕೆಲಸ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಶಿರಸಿಯಲ್ಲಿ ಒಂದು ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಂಡೇ ಹೋಗಬೇಕು. ಹೊರಡುವುದಕ್ಕೆ ಎರಡು ವಾರ ಮುಂಚೆ ಹೋದರೆ, ಇಲ್ಲದ ಭಾಗವನ್ನು ತರಿಸಲು ಸಮಯ ಸಿಗುತ್ತದೆ.

ಕಾರವಾರ, ಕುಮಟಾ ಕಡೆಯಿಂದ ಸೈಕಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗುವವರು ಹಿಂದಿನ ಚಕ್ರದ ಗೇರನ್ನು ಅತಿ ದೊಡ್ಡ ಹಲ್ಲಿಗೆ ತಂದು, ಗೇರಿರುವ ಬಲಬದಿ ಮೇಲಾಗುವಂತೆ ಮಲಗಿಸಿ ಕಟ್ಟಿಸಬೇಕು, ಅದರ ಮೇಲೆ ಬೇರೆ ಮೂಟೆ ಇಡಲು ಬಿಡಬಾರದು. ಹ್ಯಾಂಗರ್ ಬಾಗುವುದು ಎಷ್ಟೋ ಬಾರಿ ಇಂಥ ಸಾಗಣೆಯಲ್ಲಿಯೇ.